ಪುರಾವೆ ಆಧಾರಿತ ಶಾಲಾ ಕಾರ್ಯಕ್ರಮಗಳು: ಕೊಪ್ಪಳ ಜಿಲ್ಲೆಯಲ್ಲಿ ಅಳವಡಿಕೆ ಮತ್ತು ತೊಡಕುಗಳು

ಪುರಾವೆ ಆಧಾರಿತ ಶಾಲಾ ಕಾರ್ಯಕ್ರಮ ಎಂದರೆ ಮಕ್ಕಳ ಕಲಿಕೆ, ಆರೋಗ್ಯ ಅಥವಾ ಹಾಜರಾತಿ ಸುಧಾರಿಸಲೆಂದು ರೂಪಿಸಿದ, ಅದರಿಂದ ನಿಜಕ್ಕೂ ಸುಧಾರಣೆ ಆಗಿದೆಯೇ ಎಂಬುದನ್ನು ಹೋಲಿಕೆಯ ಅಧ್ಯಯನದಿಂದ ಒರೆಗೆ ಹಚ್ಚಿದ, ಆಮೇಲೆ ಬೇರೆ ಶಾಲೆಗಳಿಗೂ ವಿಸ್ತರಿಸುವ ನಿರ್ದಿಷ್ಟ ಚಟುವಟಿಕೆಗಳ ಕಟ್ಟು. ಓದು-ಬರಹದಲ್ಲಿ ಹಿಂದುಳಿದ ಮಕ್ಕಳಿಗೆ ಮಟ್ಟಕ್ಕೆ ತಕ್ಕ ಬೋಧನೆ, ಸಾಮಗ್ರಿ ಬಳಸಿ ಗಣಿತ ಕಲಿಸುವುದು, ಬಿಸಿಯೂಟದ ಜೊತೆ ಮೊಟ್ಟೆ, ಹದಿಹರೆಯದ ಹುಡುಗಿಯರನ್ನು ಶಾಲೆಯಲ್ಲಿ ಉಳಿಸಿಕೊಳ್ಳುವ ಯೋಜನೆ ಇವೆಲ್ಲ ಈ ವರ್ಗಕ್ಕೆ ಸೇರುತ್ತವೆ ಅಥವಾ ಸೇರುವ ಪ್ರಯತ್ನದಲ್ಲಿವೆ. ಕರ್ನಾಟಕದ ಕೊಪ್ಪಳ ಜಿಲ್ಲೆ, ಅಂದರೆ ಮೂಲತಃ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳ ಪ್ರದೇಶ, ಕಳೆದ ಮೂರು ದಶಕಗಳಲ್ಲಿ ಇಂತಹ ಹಲವು ಕಾರ್ಯಕ್ರಮಗಳ ಮೊದಲ ಸಾಲಿನಲ್ಲಿ ಬಂದಿದೆ. ಒಂದು ಕಡೆ ಗೆದ್ದ ಕಾರ್ಯಕ್ರಮ ಇನ್ನೊಂದು ಕಡೆ ಏಕೆ ಸೊರಗುತ್ತದೆ ಎಂಬ ಪ್ರಶ್ನೆಗೆ ಈ ಜಿಲ್ಲೆಯ ಅನುಭವದಲ್ಲಿ ಸಾಕಷ್ಟು ಉತ್ತರಗಳಿವೆ.

ಪರಿಭಾಷೆ

ಈ ಲೇಖನದಲ್ಲಿ ‘ಪುರಾವೆ’ ಎಂದರೆ ಕಾರ್ಯಕ್ರಮ ಪಡೆದ ಮಕ್ಕಳನ್ನು ಪಡೆಯದ ಮಕ್ಕಳೊಂದಿಗೆ ಹೋಲಿಸಿ ಕಂಡುಕೊಂಡ ಫಲಿತಾಂಶ. ಯಾವ ಶಾಲೆಗೆ ಕಾರ್ಯಕ್ರಮ ಕೊಡಬೇಕು, ಯಾವುದಕ್ಕೆ ಸದ್ಯಕ್ಕೆ ಕೊಡಬಾರದು ಎಂಬುದನ್ನು ಚೀಟಿ ಎತ್ತಿದಂತೆ ತೀರ್ಮಾನಿಸಿ ನಡೆಸುವ ಅಧ್ಯಯನಕ್ಕೆ ಯಾದೃಚ್ಛಿಕ ಪ್ರಯೋಗ ಎಂದು ಹೆಸರು. ಎರಡು ಗುಂಪುಗಳ ನಡುವಿನ ವ್ಯತ್ಯಾಸಕ್ಕೆ ಬೇರೆ ಕಾರಣಗಳು ನುಸುಳದಂತೆ ಇದು ತಡೆಯುವುದರಿಂದ ಇದನ್ನು ಮೇಲಿನ ದರ್ಜೆಯ ಪುರಾವೆ ಎಂದು ಎಣಿಸುತ್ತಾರೆ. ಈಗಾಗಲೇ ಬೇರೆಬೇರೆಯಾಗಿರುವ ಎರಡು ಜಿಲ್ಲೆ ಅಥವಾ ಶಾಲೆಗಳನ್ನು ಹೋಲಿಸುವುದು ಅದಕ್ಕಿಂತ ಕೆಳಗಿನ ದರ್ಜೆ. ಒಳ್ಳೆಯ ಶಾಲೆಯೊಂದರ ಯಶೋಗಾಥೆ ಎಷ್ಟೇ ಸ್ಫೂರ್ತಿದಾಯಕವಾಗಿದ್ದರೂ ಈ ಅರ್ಥದಲ್ಲಿ ಪುರಾವೆಯಲ್ಲ.

‘ತಿರುಳು’ ಎಂದರೆ ಕಾರ್ಯಕ್ರಮದಲ್ಲಿ ಬದಲಿಸಬಾರದ ಭಾಗ. ‘ಹೊಂದಾಣಿಕೆ’ ಎಂದರೆ ಊರಿಗೆ ತಕ್ಕಂತೆ ಬದಲಿಸಬಹುದಾದ ಭಾಗ. ‘ಪ್ರಮಾಣ’ ಎಂದರೆ ಮಗುವಿಗೆ ನಿಜವಾಗಿ ದಕ್ಕಿದ ದಿನಗಳು ಮತ್ತು ಗಂಟೆಗಳು. ‘ಅನುಷ್ಠಾನ ನಿಷ್ಠೆ’ ಎಂದರೆ ಕಾಗದದ ಮೇಲಿದ್ದದ್ದು ತರಗತಿಯಲ್ಲಿ ಎಷ್ಟರಮಟ್ಟಿಗೆ ಹಾಗೆಯೇ ನಡೆಯಿತು ಎಂಬ ಅಳತೆ.

ಹುಟ್ಟು

ಈ ವಿಚಾರ ಶಾಲೆಗೆ ಬಂದದ್ದು ವೈದ್ಯಕೀಯದಿಂದ. 1990ರ ದಶಕದ ಆರಂಭದಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯರು ಪುರಾವೆ ಆಧಾರಿತ ವೈದ್ಯಕೀಯವೆಂಬ ಪದ್ಧತಿಯನ್ನು ಮುಂದಿಟ್ಟರು. 1996ರಲ್ಲಿ ಇಂಗ್ಲೆಂಡಿನ ಡೇವಿಡ್ ಹಾರ್‌ಗ್ರೀವ್ಸ್ ಬೋಧನೆಯೂ ಸಂಶೋಧನೆಯನ್ನು ಆಧರಿಸಿದ ವೃತ್ತಿಯಾಗಬೇಕೆಂದು ವಾದಿಸಿದರು. ಅಮೆರಿಕದಲ್ಲಿ 2002ರ ನಂತರ ಶಾಲಾ ಅನುದಾನಕ್ಕೂ ಸಂಶೋಧನೆಯ ಪುರಾವೆಗೂ ಕಾನೂನಿನ ನಂಟು ಬೆಳೆಯಿತು. 2015ರ ಕಾನೂನು ಪುರಾವೆಯನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿತು.

ಭಾರತದಲ್ಲಿ ಈ ದಾರಿಗೆ ಗಟ್ಟಿ ಬುನಾದಿ ಹಾಕಿದ್ದು ಮುಂಬೈ ಮತ್ತು ವಡೋದರಾದಲ್ಲಿ ಪ್ರಥಮ್ ಸಂಸ್ಥೆ ನಡೆಸಿದ ಬಾಲಸಖಿ ಯೋಜನೆಯ ಅಧ್ಯಯನ. ಊರಿನ ಯುವತಿಯರು ಹಿಂದುಳಿದ ಮಕ್ಕಳನ್ನು ದಿನದ ಒಂದಷ್ಟು ಹೊತ್ತು ಪ್ರತ್ಯೇಕವಾಗಿ ಕೂರಿಸಿ ಅಕ್ಷರ, ಲೆಕ್ಕ ಕಲಿಸಿದಾಗ ಸ್ಪಷ್ಟ ಸುಧಾರಣೆ ಕಂಡಿತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರ ಈ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಇದೇ ಮುಂದೆ ‘ಮಟ್ಟಕ್ಕೆ ತಕ್ಕ ಬೋಧನೆ’ ಎಂಬ ಹೆಸರಿನಲ್ಲಿ ಹಲವು ರಾಜ್ಯಗಳಿಗೆ, ಆಫ್ರಿಕಾ ಖಂಡದ ದೇಶಗಳಿಗೂ ಹಬ್ಬಿತು. ಬ್ಯಾನರ್ಜಿ, ಡುಫ್ಲೊ ಮತ್ತು ಮೈಕೆಲ್ ಕ್ರೆಮರ್ ಅವರಿಗೆ 2019ರ ಅರ್ಥಶಾಸ್ತ್ರದ ನೊಬೆಲ್ ಬಂದಾಗ ಇಂತಹ ಪ್ರಯೋಗಗಳು ಸಾಮಾನ್ಯ ಓದುಗರ ಗಮನಕ್ಕೂ ಬಂದವು.

ಕರ್ನಾಟಕದ ಸ್ವಂತ ಪ್ರಯೋಗ ಇದಕ್ಕಿಂತ ಹಳೆಯದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ನಲಿ-ಕಲಿ ಪದ್ಧತಿಯನ್ನು ರೂಪಿಸಿದರು. 2009-10ರಲ್ಲಿ ಅದು ರಾಜ್ಯದ ಎಲ್ಲ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆ ವಿಸ್ತರಣೆಯಾಯಿತು. ಈ ವಿಸ್ತರಣೆಗೆ ಆಧಾರವಾಗಿದ್ದದ್ದು ಯಾದೃಚ್ಛಿಕ ಪ್ರಯೋಗವಲ್ಲ, ತರಗತಿಯ ಅನುಭವ. ನಲಿ-ಕಲಿಯನ್ನು ಪುರಾವೆ ಆಧಾರಿತ ಎನ್ನಬಹುದೇ ಎಂಬ ಚರ್ಚೆಯ ಮೂಲ ಇಲ್ಲಿದೆ.

ಜಿಲ್ಲೆಯ ಹಿನ್ನೆಲೆ

ಕೊಪ್ಪಳ ಪ್ರದೇಶ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರಲ್ಲಿ ರಾಯಚೂರು ಜಿಲ್ಲೆಯ ಭಾಗವಾಗಿ ಮೈಸೂರು ರಾಜ್ಯಕ್ಕೆ ಸೇರಿತು. 1997ರ ಆಗಸ್ಟ್ 24ರಂದು ನಾಲ್ಕು ತಾಲ್ಲೂಕುಗಳ ಪ್ರತ್ಯೇಕ ಜಿಲ್ಲೆಯಾಯಿತು. ಮುಂದೆ ಕುಕನೂರು, ಕನಕಗಿರಿ ಮತ್ತು ಕಾರಟಗಿ ಹೊಸ ತಾಲ್ಲೂಕುಗಳಾದವು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 13.9 ಲಕ್ಷ, ಸಾಕ್ಷರತೆ ಶೇ 68. ಪುರುಷರಲ್ಲಿ ಶೇ 78ಕ್ಕಿಂತ ಹೆಚ್ಚಿದ್ದ ಸಾಕ್ಷರತೆ ಮಹಿಳೆಯರಲ್ಲಿ ಶೇ 58ಕ್ಕಿಂತ ಕಡಿಮೆಯಿತ್ತು. ಈಗ ಶಾಲೆಯಲ್ಲಿರುವ ಮಕ್ಕಳ ತಾಯಂದಿರಲ್ಲಿ ಹಲವರು ಆ ಅಂತರದಲ್ಲೇ ಬೆಳೆದವರು.

ಜಿಲ್ಲೆ ಒಂದೇ ಆದರೂ ಶಾಲೆಗಳ ಮಟ್ಟಿಗೆ ಎರಡು ಬೇರೆ ಪ್ರದೇಶಗಳಿವೆ. ಗಂಗಾವತಿ, ಕಾರಟಗಿ ಭಾಗ ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿ ನಾಡು. ಭತ್ತ, ಅಕ್ಕಿ ಗಿರಣಿ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು ಇಲ್ಲಿನ ಗುರುತು. ಕುಷ್ಟಗಿ, ಯಲಬುರ್ಗಾ ಮಳೆಯಾಶ್ರಿತ ಬಯಲು. ಜೋಳ, ಸಜ್ಜೆ, ಕಡಲೆ ಬೆಳೆಯುವ ಈ ಊರುಗಳಿಂದ ಸುಗ್ಗಿ ಮುಗಿದ ಮೇಲೆ ಕುಟುಂಬಗಳು ಮಂಗಳೂರು, ಗೋವಾ, ಬೆಂಗಳೂರಿಗೆ ದುಡಿಯಲು ಗುಳೆ ಹೋಗುತ್ತವೆ. ಹೈಬ್ರಿಡ್ ಬೀಜದ ಹೊಲಗಳಲ್ಲಿ ಹೂವಿಗೆ ಪರಾಗ ಮುಟ್ಟಿಸುವ ಕೆಲಸಕ್ಕೆ ಸಣ್ಣ ಕೈಗಳನ್ನು ಬಳಸುವ ರೂಢಿ ಕುಷ್ಟಗಿ ಭಾಗದಲ್ಲಿ ಮಕ್ಕಳ ಹಾಜರಾತಿಯನ್ನು ಬಹುಕಾಲ ಕಾಡಿದೆ. ಮನೆಮಾತಿನಲ್ಲೂ ಈ ಭಿನ್ನತೆ ಇದೆ. ಕ್ಯಾಂಪುಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಪೇಟೆಗಳಲ್ಲಿ ಉರ್ದು, ಉಳಿದೆಡೆ ಉತ್ತರ ಕರ್ನಾಟಕದ ಕನ್ನಡ. ಒಂದೇ ಕಾರ್ಯಕ್ರಮ ಈ ಎರಡೂ ಕಡೆ ಒಂದೇ ವೇಳಾಪಟ್ಟಿಯಲ್ಲಿ ನಡೆಯಬೇಕೆಂಬ ಆದೇಶ ಬಂದಾಗಲೇ ತೊಡಕು ಶುರುವಾಗುತ್ತದೆ.

ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನ ಮತ್ತು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಿಂದಾಗಿ ಜಿಲ್ಲೆಗೆ ಹಣದ ಒಂದು ಹೆಚ್ಚುವರಿ ದಾರಿ ಇದೆ. ರಾಜ್ಯದ ಬೇರೆ ಭಾಗಕ್ಕಿಂತ ಮೊದಲೇ ಹೊಸ ಯೋಜನೆಗಳು ಇಲ್ಲಿಗೆ ಬರಲು ಹಿಂದುಳಿದಿರುವಿಕೆಯ ಜೊತೆಗೆ ಈ ಅನುದಾನವೂ ಕಾರಣ.

ಆಡಳಿತ ರಚನೆ

ಕಾರ್ಯಕ್ರಮವೊಂದು ಬೆಂಗಳೂರಿನಿಂದ ತರಗತಿಗೆ ತಲುಪುವ ಹಾದಿ ಉದ್ದವಾದದ್ದು. ಸಮಗ್ರ ಶಿಕ್ಷಣ ಕರ್ನಾಟಕ ಮತ್ತು ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ರೂಪಿಸಿದ್ದನ್ನು ಜಿಲ್ಲೆಯಲ್ಲಿ ಉಪನಿರ್ದೇಶಕರ ಕಚೇರಿ ಜಾರಿಗೆ ತರುತ್ತದೆ, ಮುನಿರಾಬಾದಿನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ತರಬೇತಿ ಕೊಡುತ್ತದೆ. ಅಲ್ಲಿಂದ ಕ್ಷೇತ್ರ ಶಿಕ್ಷಣಾಧಿಕಾರಿ, ಕ್ಷೇತ್ರ ಸಂಪನ್ಮೂಲ ಕೇಂದ್ರ, ಕ್ಷೇತ್ರ ಸಂಪನ್ಮೂಲ ವ್ಯಕ್ತಿ (ಬಿಆರ್‌ಪಿ), ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ), ಮುಖ್ಯ ಶಿಕ್ಷಕ, ಕೊನೆಗೆ ತರಗತಿ ಶಿಕ್ಷಕ. ತರಬೇತಿ ಕೂಡ ಹೀಗೆಯೇ ಮೆಟ್ಟಿಲಿಳಿಯುತ್ತದೆ. ರಾಜ್ಯ ಸಂಪನ್ಮೂಲ ವ್ಯಕ್ತಿಗಳು ಕಲಿತದ್ದನ್ನು ಜಿಲ್ಲೆಯವರಿಗೆ, ಅವರು ತಾಲ್ಲೂಕಿನವರಿಗೆ, ಅವರು ಶಿಕ್ಷಕರಿಗೆ ಹೇಳುತ್ತಾರೆ. ಪ್ರತಿ ಮೆಟ್ಟಿಲಿನಲ್ಲಿ ಒಂದಷ್ಟು ಸೋರುತ್ತದೆ. ಕೊನೆಯವರೆಗೂ ಉಳಿಯುವುದು ಸಾಮಾನ್ಯವಾಗಿ ತುಂಬಬೇಕಾದ ನಮೂನೆಯ ವಿವರ. ಸೋರಿಹೋಗುವುದು ಮಕ್ಕಳನ್ನು ಹೇಗೆ ಗುಂಪು ಮಾಡಬೇಕು, ಏಕೆ ಮಾಡಬೇಕು ಎಂಬ ವಿವರಣೆ.

ಈ ಸರಪಳಿಯಲ್ಲಿ ನಿರ್ಣಾಯಕ ವ್ಯಕ್ತಿ ಸಿಆರ್‌ಪಿ. ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಊರುಗಳ ಗುಂಪಿನ, ಶಾಲೆಗಳಿಗೆ ಹೋಗಿ, ಪಾಠ ನೋಡಿ, ಶಿಕ್ಷಕರಿಗೆ ಅಲ್ಲೇ ಕೈಹಿಡಿದು ತೋರಿಸುವುದು ಈ ಹುದ್ದೆಯ ಮೂಲ ಉದ್ದೇಶ. ವಾಸ್ತವದಲ್ಲಿ ಅಂಕಿಅಂಶ ಕೇಳುವುದು, ಒಯ್ಯುವುದು, ಆನ್‌ಲೈನಿಗೆ ಏರಿಸುವುದು ದಿನದ ಬಹುಪಾಲನ್ನು ತಿನ್ನುತ್ತದೆ.

ಬಗೆಗಳು

ಜಿಲ್ಲೆಗೆ ಬಂದ ಕಾರ್ಯಕ್ರಮಗಳನ್ನು ಕಲಿಕೆ, ಪೌಷ್ಟಿಕತೆ ಮತ್ತು ಆರೋಗ್ಯ, ಶಾಲೆಯಲ್ಲಿ ಉಳಿಸಿಕೊಳ್ಳುವಿಕೆ ಎಂದು ವಿಂಗಡಿಸಬಹುದು. ಮೊದಲನೆಯದರ ಇತಿಹಾಸವೇ ಹೆಚ್ಚು ದೀರ್ಘ.

ಡಿಪಿಇಪಿ ಎಂದೇ ಹೆಸರಾದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ 1990ರ ದಶಕದ ಮಧ್ಯದಲ್ಲಿ ಆರಂಭವಾದಾಗ ಕರ್ನಾಟಕದಲ್ಲಿ ಮೊದಲ ಹಂತಕ್ಕೆ ಆಯ್ಕೆಯಾದ ನಾಲ್ಕು ಜಿಲ್ಲೆಗಳಲ್ಲಿ ಅವಿಭಜಿತ ರಾಯಚೂರೂ ಒಂದು. ಶಾಲಾ ಕೊಠಡಿ, ಕ್ಲಸ್ಟರ್ ವ್ಯವಸ್ಥೆ, ಚಟುವಟಿಕೆ ಆಧಾರಿತ ಪಾಠ ಎಲ್ಲವೂ ಕೊಪ್ಪಳ ಭಾಗಕ್ಕೆ ಆ ಮೂಲಕವೇ ಬಂದವು. 2002ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಕಲಿಕಾ ಖಾತರಿ ಕಾರ್ಯಕ್ರಮ ಆರಂಭಿಸಿತು. ಶಾಲೆಗಳು ತಾವಾಗಿಯೇ ಮುಂದೆ ಬಂದು ಹೊರಗಿನವರಿಂದ ಮೌಲ್ಯಮಾಪನಕ್ಕೆ ಒಳಪಡುವುದು ಅದರ ವಿಶೇಷ. ಮುಂದೆ ರಾಜ್ಯದಲ್ಲಿ ಶಾಲಾ ಗುಣಮಟ್ಟ ಮೌಲ್ಯಮಾಪನಕ್ಕೆ ಪ್ರತ್ಯೇಕ ವ್ಯವಸ್ಥೆ ರೂಪುಗೊಳ್ಳಲು ಈ ಅನುಭವ ನೆರವಾಯಿತು.

ನಲಿ-ಕಲಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಕೂರುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ, ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರ, ಬರಹ ತೂಗುಹಾಕಿದ ಚಪ್ಪರ, ನೆಲದ ಮೇಲೆ ದುಂಡು ಮೇಜುಗಳು. ಮಗು ಏಣಿಯಲ್ಲಿ ತಾನಿರುವ ಮೆಟ್ಟಿಲು ನೋಡಿಕೊಂಡು ಚಿಹ್ನೆಯ ಕಾರ್ಡು ಎತ್ತಿಕೊಂಡು, ಅದು ಸೂಚಿಸುವ ತಟ್ಟೆಯಲ್ಲಿ, ಅಂದರೆ ಗುಂಪಿನಲ್ಲಿ ಕೂರುತ್ತದೆ. ಒಂದು ತಟ್ಟೆಗೆ ಶಿಕ್ಷಕರ ಪೂರ್ಣ ನೆರವು, ಇನ್ನೊಂದಕ್ಕೆ ಭಾಗಶಃ, ಮತ್ತೊಂದರಲ್ಲಿ ಗೆಳೆಯರ ಸಹಾಯ, ಕೊನೆಯದರಲ್ಲಿ ಸ್ವಕಲಿಕೆ. ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ. ಬರೆಯಲು ಸುಲಭವಾದ, ಬೇಗ ಪದ ಕಟ್ಟಿಕೊಡುವ ರ, ಗ, ಸ, ದ, ಅ ಮೊದಲು ಬರುತ್ತವೆ. ಅ, ಆ, ಇ, ಈ ಎಂದು ಸರಾಗವಾಗಿ ಹೇಳದ ಮಗು ಏನೂ ಕಲಿತಿಲ್ಲವೆಂದು ಪಾಲಕರು ತಿಳಿಯಲು ಈ ಕ್ರಮವೇ ಕಾರಣವಾದದ್ದುಂಟು. ಕುಳಿತ ಕಡೆಯಿಂದ ಏಳದೆ ಪಾಠ ಕೇಳುವ ಖಾಸಗಿ ಶಾಲೆಯ ಮಕ್ಕಳ ಶಿಸ್ತಿನೊಂದಿಗೆ ಹೋಲಿಸಿದಾಗ ಈ ಗದ್ದಲದ ತರಗತಿ ಅವರಿಗೆ ಆಟದಂತೆ ಕಾಣುತ್ತದೆ.

ಗಣಿತ ಕಲಿಕಾ ಆಂದೋಲನ ಅಕ್ಷರ ಫೌಂಡೇಷನ್ ರೂಪಿಸಿದ ಕಾರ್ಯಕ್ರಮ. ಕೊಪ್ಪಳ ಸೇರಿದಂತೆ ಕಲ್ಯಾಣ ಕರ್ನಾಟಕದ (ಆಗಿನ ಹೈದರಾಬಾದ್ ಕರ್ನಾಟಕದ) ಜಿಲ್ಲೆಗಳ ಸರ್ಕಾರಿ ಶಾಲೆಗಳಿಗೆ ಅದು ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಿಂದ 2015-16ರ ಹೊತ್ತಿಗೆ ಬಂತು. ನಾಲ್ಕು, ಐದನೇ ತರಗತಿಗೆ ಕೊಡುವ ಪೆಟ್ಟಿಗೆಯಲ್ಲಿ ಮಣಿಚೌಕಟ್ಟು, ಬಿಡಿ-ಹತ್ತು-ನೂರರ ಘನಗಳು, ಭಿನ್ನರಾಶಿ ಪಟ್ಟಿಗಳು, ಆಟದ ನೋಟು-ನಾಣ್ಯ, ಗಡಿಯಾರ, ತಕ್ಕಡಿ ಇರುತ್ತವೆ. ಮೊದಲು ಕೈಗೆ ವಸ್ತು, ಆಮೇಲೆ ಚಿತ್ರ, ಕೊನೆಗೆ ಅಂಕಿ ಎಂಬುದು ಇದರ ತಿರುಳು. ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆ ಇದರ ಸಾರ್ವಜನಿಕ ಮುಖ. ಮಗು ಯಾವ ಲೆಕ್ಕ ಮಾಡಬಲ್ಲದು, ಯಾವುದನ್ನು ಮಾಡಲಾರದು ಎಂಬುದು ಊರವರ ಎದುರೇ ಗೊತ್ತಾಗುತ್ತದೆ.

ಓದು ಕರ್ನಾಟಕ ಎಂಬ ಕಾರ್ಯಕ್ರಮ ಪ್ರಥಮ್ ಸಹಯೋಗದ್ದು, ಮಟ್ಟಕ್ಕೆ ತಕ್ಕ ಬೋಧನೆಯ ಕನ್ನಡ ರೂಪ. ನಾಲ್ಕು, ಐದನೇ ತರಗತಿಯ ಪ್ರತಿ ಮಗುವಿನಿಂದ ಒಂದು ಹಾಳೆ ಓದಿಸಿ, ಅಕ್ಷರ, ಪದ, ವಾಕ್ಯವೃಂದ, ಕಥೆ ಇವುಗಳಲ್ಲಿ ಯಾವ ಮಟ್ಟದಲ್ಲಿದೆ ಎಂದು ಗುರುತಿಸಿ, ತರಗತಿಯ ಲೆಕ್ಕ ಬಿಟ್ಟು ಮಟ್ಟದ ಪ್ರಕಾರ ಗುಂಪು ಮಾಡಿ ಕಲಿಸುವುದು ಇದರ ವಿಧಾನ. ಕೋವಿಡ್ ನಂತರ 2022-23ರಲ್ಲಿ ಬಂದ ಕಲಿಕಾ ಚೇತರಿಕೆ, ಆಮೇಲೆ ಮೇಲಿನ ತರಗತಿಗಳಿಗೆ ಬಂದ ಮರುಸಿಂಚನ ಇದೇ ಚಿಂತನೆಗೆ ಹತ್ತಿರದವು. ಫೋನಿನ ಮೂಲಕ ಲೆಕ್ಕ ಕಲಿಸುವ ಗಣಿತ-ಗಣಕ ಮಾತ್ರ ಬೇರೆ ಜಾತಿಯದು. 2020ರಲ್ಲಿ ಬೋಟ್ಸ್‌ವಾನಾದಲ್ಲಿ ಶಾಲೆ ಮುಚ್ಚಿದ್ದಾಗ ವಾರಕ್ಕೊಮ್ಮೆ ಬೋಧಕರು ಫೋನು ಮಾಡಿ ಲೆಕ್ಕ ಹೇಳಿಕೊಟ್ಟು, ಜೊತೆಗೆ ಸಂದೇಶ ಕಳಿಸಿದಾಗ ಮಕ್ಕಳ ಗಣಿತ ಸುಧಾರಿಸಿತು. ಸಂದೇಶ ಮಾತ್ರ ಕಳಿಸಿದ ಗುಂಪಿನಲ್ಲಿ ಅಂತಹ ಪರಿಣಾಮ ಕಾಣಲಿಲ್ಲ. ಈ ಪುರಾವೆಯನ್ನು ಆಧರಿಸಿ ಸಂಶೋಧನಾ ಸಂಸ್ಥೆ ಜೆ-ಪಾಲ್ ಸಹಯೋಗದಲ್ಲಿ ಕರ್ನಾಟಕ ಮೂರರಿಂದ ಐದನೇ ತರಗತಿಯ ಮಕ್ಕಳಿಗೆ ಫೋನಿನ ಲೆಕ್ಕಪಾಠ ರೂಪಿಸಿತು. ಕುಷ್ಟಗಿಯಂತಹ ಕಡೆ ಮನೆಯ ಒಂದೇ ಫೋನು ದುಡಿಯಲು ಹೋದವರ ಕಿಸೆಯಲ್ಲಿರುವುದರಿಂದ ಕರೆಯ ಹೊತ್ತು ಸಂಜೆಗೆ ಸರಿಯುತ್ತದೆ, ಅಂದರೆ ಶಿಕ್ಷಕರ ಕೆಲಸದ ಅವಧಿಯ ಆಚೆಗೆ.

ಪೌಷ್ಟಿಕತೆಯಲ್ಲಿ ಕೊಪ್ಪಳದ ಪಾತ್ರ ಇನ್ನೂ ದೊಡ್ಡದು. ಬಿಸಿಯೂಟದ ಅಕ್ಷರ ದಾಸೋಹ 2002ರಲ್ಲಿ ಮೊದಲು ಆರಂಭವಾದದ್ದು ಕೊಪ್ಪಳವೂ ಸೇರಿದ ಏಳು ಈಶಾನ್ಯ ಜಿಲ್ಲೆಗಳಲ್ಲಿ. ಉಳಿದ ರಾಜ್ಯಕ್ಕೆ ಹೋದದ್ದು ಮರುವರ್ಷ. 2021ರ ಡಿಸೆಂಬರ್‌ನಲ್ಲಿ ಮೊಟ್ಟೆ ಬಂದಾಗಲೂ ಅಪೌಷ್ಟಿಕತೆ ಹೆಚ್ಚಿರುವ ಏಳು ಜಿಲ್ಲೆಗಳ ಪಟ್ಟಿಯಲ್ಲಿ ಕೊಪ್ಪಳವಿತ್ತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಇತ್ತು. ಕೆಲವು ಮಠಾಧೀಶರು ವಿರೋಧಿಸಿದಾಗ ಗಂಗಾವತಿಯ ಸರ್ಕಾರಿ ಶಾಲೆಯ ವಿದ್ಯಾರ್ಥಿನಿಯರು ಮೊಟ್ಟೆ ನಿಲ್ಲಿಸಬಾರದೆಂದು ಖಡಕ್ಕಾಗಿ ಮಾತಾಡಿದ ವಿಡಿಯೊ ರಾಜ್ಯವಿಡೀ ಹರಿದಾಡಿತು. ಅದೇ ಅವಧಿಯಲ್ಲಿ ಮೊಟ್ಟೆ ಪಡೆದ ಯಾದಗಿರಿ ಮಕ್ಕಳನ್ನು ಪಡೆಯದ ಗದಗ ಜಿಲ್ಲೆಯ ಮಕ್ಕಳೊಂದಿಗೆ ಹೋಲಿಸಿ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಅಧ್ಯಯನ ನಡೆಸಿತು. ಯಾದಗಿರಿಯಲ್ಲಿ ತೂಕ ಹೆಚ್ಚು ಏರಿತ್ತು. ಎರಡು ಜಿಲ್ಲೆಗಳ ಹೋಲಿಕೆ ಯಾದೃಚ್ಛಿಕ ಪ್ರಯೋಗದಷ್ಟು ಗಟ್ಟಿಯಲ್ಲ; ಆದರೂ ಮೊಟ್ಟೆಯನ್ನು ರಾಜ್ಯದ ಎಲ್ಲ ಜಿಲ್ಲೆಗಳಿಗೆ ಒಯ್ಯಲು ಅದು ಸಾಕಾಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ ಮೊಟ್ಟೆ ವಾರಕ್ಕೆ ಎರಡು ದಿನದಿಂದ ಆರು ದಿನಕ್ಕೆ ಏರಿತು. ಜಂತುಹುಳು ಮಾತ್ರೆ, ಕಬ್ಬಿಣಾಂಶದ ಮಾತ್ರೆಗಳೂ ಶಾಲೆಯ ಮೂಲಕವೇ ಮಕ್ಕಳಿಗೆ ತಲುಪುತ್ತವೆ.

ಹದಿಹರೆಯದ ಹುಡುಗಿಯರಿಗಾಗಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಕೊಪ್ಪಳದ ಹಳ್ಳಿಗಳಲ್ಲಿ ಸ್ಫೂರ್ತಿ ಯೋಜನೆ ನಡೆಸಿದೆ. ಆಯ್ದ ಹುಡುಗಿಯರನ್ನು ಮಾದರಿಗಳನ್ನಾಗಿ ಬೆಳೆಸಿ ಅವರ ಮೂಲಕ ಗೆಳತಿಯರನ್ನು, ತಾಯ್ತಂದೆಯರನ್ನು ತಲುಪುವುದು ಅದರ ದಾರಿ. ಇದೇ ಸಂಸ್ಥೆ ಹತ್ತಿರದ ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದ ಹುಡುಗಿಯರು ಪ್ರೌಢಶಾಲೆ ಮುಗಿಸಲೆಂದು ನಡೆಸಿದ ಸಮತಾ ಕಾರ್ಯಕ್ರಮವನ್ನು ಯಾದೃಚ್ಛಿಕ ಪ್ರಯೋಗಕ್ಕೆ ಒಡ್ಡಿತ್ತು. 2019ರಲ್ಲಿ ಬಂದ ಫಲಿತಾಂಶದಂತೆ ಒಟ್ಟಾರೆ ಗಣನೀಯ ಪರಿಣಾಮ ಕಾಣಲಿಲ್ಲ. ಇದನ್ನು ಮುಚ್ಚಿಡದೆ ಪ್ರಕಟಿಸಿದ್ದು ಈ ಕ್ಷೇತ್ರದಲ್ಲಿ ಗಮನಾರ್ಹ. ಗೆಲುವಿನ ವರದಿಗಳು ಮಾತ್ರ ಅಚ್ಚಾಗುವ ಕಡೆ ಪುರಾವೆ ಎಂಬುದಕ್ಕೆ ಬೆಲೆಯಿಲ್ಲ.

ಅಳವಡಿಕೆಯ ತೊಡಕುಗಳು

ಎಲ್ಲಕ್ಕಿಂತ ಮೊದಲ ತೊಡಕು, ಸಾಬೀತಾದದ್ದು ಏನು ಎಂಬ ಬಗ್ಗೆಯೇ ಇರುವ ತಪ್ಪು ತಿಳಿವಳಿಕೆ. ಪ್ರಯೋಗದಲ್ಲಿ ಫಲ ಕೊಟ್ಟದ್ದು ಪೆಟ್ಟಿಗೆಯೋ ಕಾರ್ಡೋ ಅಲ್ಲ. ಅದಕ್ಕೆಂದೇ ಮೀಸಲಿಟ್ಟ ಹೊತ್ತು, ಅದೇ ಕೆಲಸಕ್ಕೆ ನಿಂತ ವ್ಯಕ್ತಿ, ಮಟ್ಟದ ಪ್ರಕಾರ ಗುಂಪು, ವಾರವಾರ ಬಂದು ನೋಡುವವರು ಇವೆಲ್ಲ ಕೂಡಿದ ವ್ಯವಸ್ಥೆ. ಮಟ್ಟಕ್ಕೆ ತಕ್ಕ ಬೋಧನೆಯ ಮುಂದಿನ ಅಧ್ಯಯನಗಳು ಇದನ್ನೇ ತೋರಿಸಿದವು. ಬಿಹಾರ ಮತ್ತು ಉತ್ತರಾಖಂಡದಲ್ಲಿ ಸರ್ಕಾರಿ ಶಿಕ್ಷಕರಿಗೆ ತರಬೇತಿ, ಸಾಮಗ್ರಿ ಕೊಟ್ಟು ಬಿಟ್ಟಾಗ ಮಕ್ಕಳ ಕಲಿಕೆ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಹರಿಯಾಣದಲ್ಲಿ ಶಾಲಾ ವೇಳೆಯಲ್ಲೇ ಒಂದು ತಾಸು ಇದಕ್ಕೆಂದು ತೆಗೆದಿಟ್ಟು, ಮೇಲ್ವಿಚಾರಕರಿಗೂ ತರಬೇತಿ ಕೊಟ್ಟಾಗ ಭಾಷೆಯಲ್ಲಿ ಸುಧಾರಣೆ ಬಂತು. ಉತ್ತರ ಪ್ರದೇಶದಲ್ಲಿ ಪ್ರಥಮ್ ಸಿಬ್ಬಂದಿ ಮತ್ತು ಸ್ವಯಂಸೇವಕರು ಶಿಬಿರ ನಡೆಸಿದಾಗ ಫಲಿತಾಂಶ ಹಲವು ಪಟ್ಟು ದೊಡ್ಡದಿತ್ತು. ಕೊಪ್ಪಳದ ಶಾಲೆಗಳಿಗೆ ಸಾಮಾನ್ಯವಾಗಿ ಬರುವುದು ಮೊದಲನೆಯ ಮಾದರಿ: ತರಬೇತಿ ಮತ್ತು ಸಾಮಗ್ರಿ. ತಾಸು ಎಲ್ಲಿಂದ ತರಬೇಕೆಂದು ಸುತ್ತೋಲೆ ಹೇಳುವುದಿಲ್ಲ.

ಯಾರು ನಡೆಸುತ್ತಾರೆ ಎಂಬುದೂ ಇದಕ್ಕೆ ಅಂಟಿಕೊಂಡ ಪ್ರಶ್ನೆ. ಬಿಹಾರದ ನಳಂದಾ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ನಡೆದ ಸೆಹೆರ್ ಎಂಬ ಆರೋಗ್ಯ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಅದಕ್ಕೆಂದೇ ನೇಮಿಸಿದ ಆಪ್ತಸಲಹೆಗಾರರು, ಕೆಲವು ಕಡೆ ಶಿಕ್ಷಕರು ನಡೆಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೊದಲನೆಯ ಕಡೆ ಶಾಲೆಯ ವಾತಾವರಣ ಬಹಳ ಸುಧಾರಿಸಿತು, ಎರಡನೆಯ ಕಡೆ ಏನೂ ಬದಲಾಗಲಿಲ್ಲ. ಕೀನ್ಯಾದಲ್ಲಿ ಗುತ್ತಿಗೆ ಶಿಕ್ಷಕರನ್ನು ಸ್ವಯಂಸೇವಾ ಸಂಸ್ಥೆ ನೋಡಿಕೊಂಡಾಗ ಮಕ್ಕಳ ಅಂಕ ಏರಿತು. ಅದೇ ಯೋಜನೆ ಸರ್ಕಾರದ ಕೈಗೆ ಬಂದಾಗ ಏರಲಿಲ್ಲ. ಶಿಕ್ಷಕರಿಗೆ ಸಾಮರ್ಥ್ಯವಿಲ್ಲ ಎಂಬುದು ಇದರ ಅರ್ಥವಲ್ಲ. ಹತ್ತು ಕೆಲಸಗಳ ನಡುವೆ ಹನ್ನೊಂದನೆಯದಾಗಿ ಬಂದದ್ದು ಹನ್ನೊಂದನೆಯದಾಗಿಯೇ ಉಳಿಯುತ್ತದೆ ಎಂಬುದಷ್ಟೇ.

ಆ ಹತ್ತು ಕೆಲಸಗಳನ್ನು ಯಲಬುರ್ಗಾ ಭಾಗದ ಕಿರಿಯ ಪ್ರಾಥಮಿಕ ಶಾಲೆಯೊಂದನ್ನು ಊಹಿಸಿಕೊಂಡು ನೋಡಬಹುದು. ಐದು ತರಗತಿ, ಇಬ್ಬರು ಶಿಕ್ಷಕರು. ಒಬ್ಬರು ನಲಿ-ಕಲಿ ಕೊಠಡಿಯಲ್ಲಿ, ಇನ್ನೊಬ್ಬರು ನಾಲ್ಕು-ಐದನೇ ತರಗತಿಯಲ್ಲಿ. ಇಬ್ಬರಲ್ಲೊಬ್ಬರು ಮುಖ್ಯ ಶಿಕ್ಷಕರು: ಹಾಲಿನ ಪುಡಿ, ಅಕ್ಕಿ, ಬೇಳೆ, ಮೊಟ್ಟೆಯ ಲೆಕ್ಕ ಬರೆದು, ಅಂದು ಊಟ ಮಾಡಿದ ಮಕ್ಕಳ ಸಂಖ್ಯೆ ಕಳಿಸಿ, ವಿದ್ಯಾರ್ಥಿಗಳ ದಾಖಲೆಯ ಎಸ್‌ಎಟಿಎಸ್ ಜಾಲತಾಣದಲ್ಲಿ ವಿವರ ಏರಿಸಬೇಕು. ಮತದಾರರ ಪಟ್ಟಿ ಪರಿಷ್ಕರಣೆ ಬಂದರೆ ಅದೂ ಇವರದೇ. ಗಣಿತದ ಪೆಟ್ಟಿಗೆ ಬೀರುವಿನ ಮೇಲಿರುತ್ತದೆ. ಸಾಮಾನು ಕಳೆದರೆ ಯಾರು ಹೊಣೆ ಎಂಬ ಹೆದರಿಕೆಗೆ ಅದನ್ನು ಬಿಚ್ಚದೆ ಕಾಪಾಡುವುದೂ ಉಂಟು. ದಾಸ್ತಾನು ಪುಸ್ತಕದಲ್ಲಿ ಪೆಟ್ಟಿಗೆ ಸರಿಯಾಗಿದೆ. ಅನುಷ್ಠಾನ ನಿಷ್ಠೆ ಸೊನ್ನೆ.

ಕಾಲದ ನಷ್ಟ ಶಾಲೆಯ ಹೊರಗಿನಿಂದಲೂ ಬರುತ್ತದೆ. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ಗಣತಿದಾರರನ್ನಾಗಿ ಬಳಸಲಾಯಿತು. ಅದು ಮುಗಿಯದ್ದರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆ ಅಕ್ಟೋಬರ್ 18ರವರೆಗೆ ಮುಂದುವರಿಯಿತು. ಗುಳೆ ಹೋದ ಮಗುವಿಗಂತೂ ವರ್ಷದ ಕೊನೆಯ ತಿಂಗಳುಗಳೇ ಇಲ್ಲ. ದಿನವೂ ನಡೆಯಬೇಕಾದ ಪರಿಹಾರ ಬೋಧನೆಯಿಂದ ಯಾರಿಗೆ ಹೆಚ್ಚು ಪ್ರಯೋಜನವೋ ಆ ಮಗುವೇ ಹೆಚ್ಚು ದಿನ ಗೈರುಹಾಜರಾಗಿರುತ್ತದೆ. ಪ್ರಯೋಗದ ಸರಾಸರಿ ಫಲಿತಾಂಶ ಇದನ್ನು ತೋರಿಸುವುದಿಲ್ಲ.

ಸಿಬ್ಬಂದಿಯ ಅಸ್ಥಿರತೆಯೂ ಇದರ ಜೊತೆ ಸೇರುತ್ತದೆ. ಖಾಲಿ ಹುದ್ದೆಗಳನ್ನು ಅತಿಥಿ ಶಿಕ್ಷಕರಿಂದ ತುಂಬುತ್ತಾರೆ. ಅವರ ನೇಮಕ ಶೈಕ್ಷಣಿಕ ವರ್ಷ ಶುರುವಾದ ಮೇಲೆ ಆಗುವುದರಿಂದ ಬೇಸಿಗೆಯ ತರಬೇತಿ ಅವರಿಗೆ ಸಿಗುವುದಿಲ್ಲ. ತರಬೇತಿ ಪಡೆದ ಕಾಯಂ ಶಿಕ್ಷಕರು ವರ್ಗಾವಣೆಯ ಕೌನ್ಸೆಲಿಂಗ್‌ನಲ್ಲಿ ಬೇರೆಡೆಗೆ ಹೋದಾಗ ಶಾಲೆ ಮತ್ತೆ ಮೊದಲಿನಿಂದ ಶುರುಮಾಡಬೇಕು. ಕಾರ್ಯಕ್ರಮಗಳ ಆಯುಸ್ಸೂ ಚಿಕ್ಕದು. ಹೆಸರು, ಲಾಂಛನ, ನಮೂನೆ ಬದಲಾಗುತ್ತಾ ಹೋದಂತೆ, ಈ ವರ್ಷದ್ದು ಮುಂದಿನ ವರ್ಷ ಇರುವುದಿಲ್ಲವೆಂಬ ನಂಬಿಕೆ ಶಿಕ್ಷಕರಲ್ಲಿ ಬೇರೂರುತ್ತದೆ. ಆ ನಂಬಿಕೆಗೆ ಕಾರಣ ಸೋಮಾರಿತನವಲ್ಲ, ಅನುಭವ.

ಭಾಷೆಯ ತೊಡಕು ಅಳತೆಯ ಹಂತದಲ್ಲೇ ಕಾಣುತ್ತದೆ. ಪರೀಕ್ಷೆಯ ಹಾಳೆ ಗ್ರಂಥಸ್ಥ ಕನ್ನಡದಲ್ಲಿರುತ್ತದೆ. ‘ನಾನು ಹೋಗುತ್ತೇನೆ’ ಎಂಬಲ್ಲಿ ‘ನಾ ಹೊಕ್ಕೀನಿ’ ಎಂದು ಓದಿದ ಮಗುವಿಗೆ ಅರ್ಥ ತಿಳಿದಿದೆ; ಆದರೆ ತಪ್ಪು ಎಣಿಸುವವರು ಆ ಮಗುವನ್ನು ಕೆಳಗಿನ ಮಟ್ಟಕ್ಕೆ ಇಳಿಸಬಹುದು. ಲಂಬಾಣಿ ಅಥವಾ ತೆಲುಗು ಮನೆಮಾತಿನ ಮಗು ಅಕ್ಷರ ಕೂಡಿಸಿ ಸರಾಗ ಓದಿಯೂ ಕಥೆ ತಿಳಿಯದೆ ಇರಬಹುದು. ಅದೇ ಹಾಳೆ ಈ ಮಗುವನ್ನು ಮೇಲಿನ ಮಟ್ಟದಲ್ಲಿ ಇಡುತ್ತದೆ. ಎರಡು ತಪ್ಪುಗಳೂ ಮಗುವನ್ನು ತನ್ನದಲ್ಲದ ಗುಂಪಿನಲ್ಲಿ ಕೂರಿಸುತ್ತವೆ.

ಹಣದ ತೊಡಕು ಚಿಕ್ಕ ಮೊತ್ತಗಳಲ್ಲೇ ಹೆಚ್ಚು ಕಾಡುತ್ತದೆ. ಮೊಟ್ಟೆಗೆ ನಿಗದಿಯಾದ ದರದಲ್ಲೇ ಬೇಯಿಸುವ, ಸುಲಿಯುವ ಖರ್ಚೂ ಸೇರಿದೆ. ಚಳಿಗಾಲದಲ್ಲಿ ಮಾರುಕಟ್ಟೆ ದರ ಏರಿದಾಗ ಉಳಿದ ಪೈಸೆಗಳು ಮುಖ್ಯ ಶಿಕ್ಷಕರ ಜೇಬಿನಿಂದ ಹೋಗುತ್ತವೆ ಎಂಬ ದೂರು ರಾಜ್ಯದಾದ್ಯಂತ ಇದೆ. ಆದರೂ ಮೊಟ್ಟೆ ನಿಂತಿಲ್ಲ. ಕಾರಣ ಸರಳ: ಪ್ರಮಾಣ ಸ್ಪಷ್ಟ, ಮಗುವಿನ ತಟ್ಟೆಯಲ್ಲಿ ಮೊಟ್ಟೆ ಇದೆಯೋ ಇಲ್ಲವೋ ಯಾರಿಗಾದರೂ ಕಾಣುತ್ತದೆ, ಇಲ್ಲದಿದ್ದರೆ ಮಗುವೇ ಕೇಳುತ್ತದೆ. ಓದಿನ ಗುಂಪು ಅಂದು ಕೂತಿತೋ ಇಲ್ಲವೋ ಎಂದು ಕೇಳುವವರು ಊರಿನಲ್ಲಿ ಯಾರೂ ಇಲ್ಲ. ಕೆಲವೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) ಇದಕ್ಕೆ ಅಪವಾದ.

ಅಳತೆ ಮತ್ತು ದಾಖಲೆ

ಪುರಾವೆ ಆಧಾರಿತ ಕಾರ್ಯಕ್ರಮಕ್ಕೆ ಮೊದಲ ದಿನದ ಅಳತೆ, ಕೊನೆಯ ದಿನದ ಅಳತೆ ಎರಡೂ ಬೇಕು. ಕಲಿಸಿದ ಶಿಕ್ಷಕರೇ ಅಳೆದು, ಅದೇ ಅಂಕಿ ಮೇಲಧಿಕಾರಿಗೆ ಹೋಗುವಾಗ ಎರಡನೆಯ ಅಳತೆ ಸಹಜವಾಗಿ ಉಬ್ಬುತ್ತದೆ. ಶೇ 100 ಪ್ರಗತಿ ತೋರಿಸದವರಿಗೆ ಕಾರಣ ಕೇಳುವ ನೋಟಿಸು ಬರುವ ಕಡೆ ನಿಜದ ಅಂಕಿ ಸಿಗುವುದಿಲ್ಲ. 2005ರಿಂದ ಬರುತ್ತಿರುವ, ಶಿಕ್ಷಣದ ಸ್ಥಿತಿ ಕುರಿತ ಪ್ರಥಮ್‌ನ ಅಸರ್ ವರದಿ, ರಾಷ್ಟ್ರೀಯ ಸಾಧನಾ ಸಮೀಕ್ಷೆ ಮುಂತಾದವು ಹೊರಗಿನವರಿಂದ ಅಳೆಸುವುದರಿಂದ ಹೆಚ್ಚು ನಂಬಿಕೆಗೆ ಅರ್ಹ. ಅವು ಜಿಲ್ಲೆ ಅಥವಾ ರಾಜ್ಯದ ಸರಾಸರಿ ಹೇಳಬಲ್ಲವು. ಕುಷ್ಟಗಿಯ ಒಂದು ಕ್ಲಸ್ಟರಿನಲ್ಲಿ ಓದಿನ ಕಾರ್ಯಕ್ರಮ ಫಲಿಸಿತೇ ಎಂಬುದಕ್ಕೆ ಅವುಗಳಲ್ಲಿ ಉತ್ತರವಿಲ್ಲ. ಕಾರ್ಯಕ್ರಮವನ್ನು ಒಂದೇ ದಿನ ಎಲ್ಲ ಶಾಲೆಗಳಿಗೂ ಕೊಟ್ಟುಬಿಡುವುದರಿಂದ ಹೋಲಿಸಲು ಗುಂಪೇ ಉಳಿಯುವುದಿಲ್ಲ. ಹಂತಹಂತವಾಗಿ, ಮೊದಲು ಕೆಲವು ಕ್ಲಸ್ಟರ್, ಮುಂದಿನ ವರ್ಷ ಉಳಿದವು ಎಂದು ವಿಸ್ತರಿಸಿದರೆ ಹೆಚ್ಚುವರಿ ಖರ್ಚಿಲ್ಲದೆ ಹೋಲಿಕೆ ಸಾಧ್ಯ. ಎಲ್ಲರಿಗೂ ಏಕಕಾಲಕ್ಕೆ ಕೊಡಬೇಕೆಂಬ ರಾಜಕೀಯ ಒತ್ತಡ ಇದಕ್ಕೆ ಅಡ್ಡ ಬರುತ್ತದೆ.

ಈಗಿನ ಸ್ಥಿತಿ

ಕೇಂದ್ರದ ನಿಪುಣ್ ಭಾರತ್ ಯೋಜನೆ 2021ರ ಜುಲೈನಲ್ಲಿ ಆರಂಭವಾಗಿ, 2026-27ರ ಹೊತ್ತಿಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಬುನಾದಿ ಓದು, ಲೆಕ್ಕ ಬರಬೇಕೆಂಬ ಗುರಿ ಇಟ್ಟಿದೆ. ಜಿಲ್ಲೆಯ ಕ್ಲಸ್ಟರುಗಳಲ್ಲಿ ನಡೆಯುವ ಕಲಿಕಾ ಹಬ್ಬಗಳು, ಮರುಸಿಂಚನ, ಗಣಿತ-ಗಣಕ ಇದೇ ಛತ್ರಿಯ ಸುತ್ತಮುತ್ತ ಬರುತ್ತವೆ. 2025-26ರಲ್ಲಿ ರಾಜ್ಯ ಪಾಠ ಆಧಾರಿತ ಮೌಲ್ಯಾಂಕನ ತಂದಿತು. ಪ್ರತಿ ಪಾಠದ ನಂತರ ಮಗುವಿನ ಕಲಿಕೆ ಅಳೆಯುವ ಈ ಕ್ರಮ ತತ್ತ್ವದಲ್ಲಿ ಮಟ್ಟಕ್ಕೆ ತಕ್ಕ ಬೋಧನೆಗೆ ಪೂರಕ. ಆದರೆ ಅಂಕಿ ಏರಿಸುವ ಕೆಲಸ ಹೆಚ್ಚಿತೆಂದು ಶಿಕ್ಷಕರು ಆಕ್ಷೇಪಿಸಿದ್ದಾರೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಅಕ್ಷರ ಆವಿಷ್ಕಾರ ಹೆಸರಿನಲ್ಲಿ ಶಾಲೆಗಳಿಗೆ ಹಣ ಕೊಡುತ್ತಿದೆ. ಶಾಲಾ ಕೊಠಡಿಗಳ ಜೊತೆಗೆ ಅತಿಥಿ ಶಿಕ್ಷಕರ ಕೊರತೆ ತುಂಬುವುದೂ ಅದರ ವ್ಯಾಪ್ತಿಯಲ್ಲಿದೆ.

ಜಿಲ್ಲೆಯಲ್ಲಿ ಈಗ ಸುಸ್ಥಿರವಾಗಿ ನಡೆಯುತ್ತಿರುವವು ಬಿಸಿಯೂಟ, ಹಾಲು, ಮೊಟ್ಟೆ ಮತ್ತು, ಗುಣಮಟ್ಟದಲ್ಲಿ ಶಾಲೆಯಿಂದ ಶಾಲೆಗೆ ವ್ಯತ್ಯಾಸವಿದ್ದರೂ, ನಲಿ-ಕಲಿ. ಇವುಗಳಿಗೆ ಕಾಯಂ ಸ್ಥಾನ, ಕಾಯಂ ಅನುದಾನ, ಶಾಲೆಯ ದಿನಚರಿಯಲ್ಲಿ ಗೊತ್ತಾದ ಹೊತ್ತು ಇವೆ. ಓದು ಮತ್ತು ಗಣಿತದ ಪರಿಹಾರ ಬೋಧನೆಗೆ ಬಲವಾದ ಪುರಾವೆ ಇದ್ದರೂ ಇನ್ನೂ ಅಂತಹ ಸ್ಥಾನ ಸಿಕ್ಕಿಲ್ಲ. ಅದು ವರ್ಷವರ್ಷದ ಸುತ್ತೋಲೆಯ ಮೇಲೆ ನಿಂತಿದೆ.